ತೂಬಿನ ಕೀಲಿ ಯಾರ ಕೈಯಲ್ಲಿ?

ನಮ್ಮ ಕಡೆ ಒಬ್ಬರ ಬಗ್ಗೆ ‘ಅವನದು ಬಿಚ್ಚುಗೈ’ ಎಂದರೆ ಅದರಲ್ಲಿ ದೂರೂ ಇದೆ, ಮೆಚ್ಚುಗೆಯೂ ಇದೆ. ಜಾತ್ರೆಗೆ ಬಂದ ನೆಂಟರಿಗೆ ಹೊಸ ಬಟ್ಟೆ ಕೊಡಿಸುವವನು, ಹೋಟೆಲಿನಲ್ಲಿ ಎಲ್ಲರ ಚಹಾದ ದುಡ್ಡು ತಾನೇ ಕೊಡುವವನು, ಮದುವೆಮನೆಯ ಮುಯ್ಯಿಗೆ ಹಿಂದೆ ಮುಂದೆ ನೋಡದವನು. ಅವನ ಎದುರು ನಿಲ್ಲಿಸುವುದಕ್ಕೆ ನಮ್ಮಲ್ಲಿರುವ ಪದ ‘ಜಿಪುಣ’. ಈ ಎರಡರ ನಡುವೆ ನಿಲ್ಲುವ ಮನುಷ್ಯನಿಗೆ, ಅಂದರೆ ಖರ್ಚನ್ನೂ ಮಾಡಿ ಒಂದಿಷ್ಟು ಉಳಿಸಿಯೂ ಇಡುವವನಿಗೆ, ಊರು ಒಂದು ಒಳ್ಳೆಯ ಹೆಸರು ಇಟ್ಟಿಲ್ಲ. ಬಿಚ್ಚುಗೈಯವರು ಉಳಿತಾಯ ಕಲಿಯುವುದು ಕಷ್ಟವಾಗಲು ಇದೇ ಮೊದಲ ಕಾರಣ ಎಂದು ನನಗೆ ಅನ್ನಿಸುತ್ತದೆ. ಕೈ ಬಿಗಿ ಹಿಡಿದ ದಿನವೇ ಮರ್ಯಾದೆ ಕಡಿಮೆಯಾಯಿತು ಎಂಬ ಅಳುಕು ಅವರನ್ನು ಹಿಡಿದುಕೊಳ್ಳುತ್ತದೆ.

ನಾನೂ ಅಂಥ ಕೈಯವನೇ. ಸಂಬಳ ಶುರುವಾದ ಮೇಲೆ ಎಷ್ಟೋ ವರ್ಷ ತಿಂಗಳ ಇಪ್ಪತ್ತನೇ ತಾರೀಖು ದಾಟಿದರೆ ಜೊತೆಯವರ ಹತ್ತಿರ ಕೈಗಡ ಕೇಳುತ್ತಿದ್ದೆ. ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಹೇಳಿದವರಿಗೆ ಲೆಕ್ಕವಿಲ್ಲ. ಗಾದೆ ನನಗೆ ಬಾಯಿಪಾಠವಾಗಿತ್ತು, ಹನಿ ಮಾತ್ರ ಕೂಡಲಿಲ್ಲ. ಆ ಸೋಲನ್ನು ಬೆನ್ನಿಗಿಟ್ಟುಕೊಂಡೇ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಜನ ದುಡ್ಡನ್ನು ಹೇಗೆ ಉಳಿಸುತ್ತಾರೆ, ಹೇಗೆ ಕಳೆದುಕೊಳ್ಳುತ್ತಾರೆ ಎಂದು ಇಲ್ಲಿ ನೋಡಲು ಹೊರಟಿದ್ದೇನೆ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗದಿಂದ 1997ರಲ್ಲಿ ಹೊಸ ಜಿಲ್ಲೆಗೆ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ದುಡ್ಡು ಮನೆಗೆ ಬರುವ ದಾರಿ ನಾಲ್ಕೂ ಕಡೆ ಬೇರೆ ಬೇರೆ. ಅದು ಹೋಗುವ ದಾರಿಯನ್ನೂ ಬಹಳಮಟ್ಟಿಗೆ ಬರುವ ದಾರಿಯೇ ತೀರ್ಮಾನಿಸುತ್ತದೆ.

ಚನ್ನಗಿರಿಯಿಂದ ಶುರುಮಾಡೋಣ. ಅಲ್ಲಿ ದುಡ್ಡು ಅಂದರೆ ಅಡಿಕೆ. ಮಳೆಗಾಲ ಇಳಿಯುವ ಹೊತ್ತಿಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಸ್ವಂತ ಮಾಡಲಾರದವರು ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುತ್ತಾರೆ. ಒಟ್ಟಿನಲ್ಲಿ ವರ್ಷದ ಗಳಿಕೆ ಕೆಲವೇ ವಾರಗಳಲ್ಲಿ ಗಂಟಾಗಿ ಬಂದು ಬೀಳುತ್ತದೆ. ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ 50 ಸಾವಿರ ದಾಟಿದ ವರ್ಷಗಳಲ್ಲಿ ಆ ಗಂಟು ಎಷ್ಟು ದೊಡ್ಡದೆಂದರೆ, ಅದು ಮುಗಿಯುತ್ತದೆ ಎಂದು ನಂಬುವುದೇ ಕಷ್ಟ. ಹೊಸ ಕಾರು, ಮನೆಗೆ ಮೇಲಂತಸ್ತು, ದಾವಣಗೆರೆಯ ದೊಡ್ಡ ಕಲ್ಯಾಣ ಮಂಟಪದಲ್ಲಿ ಮದುವೆ ಎಲ್ಲವೂ ಆ ಕೆಲವು ವಾರಗಳ ತೀರ್ಮಾನಗಳು. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಎಷ್ಟೋ ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ತೋಟ ಉಳಿಸಿಕೊಳ್ಳಬೇಕಾಯಿತು. ಆ ಟ್ಯಾಂಕರಿನ ದುಡ್ಡಿಗೆ ಒಡವೆ ಅಡ ಇಟ್ಟವರಲ್ಲಿ, ಹಿಂದಿನ ವರ್ಷ ಲಕ್ಷಗಟ್ಟಲೆ ಎಣಿಸಿದವರೂ ಇದ್ದರು.

ಇದನ್ನು ನೋಡಿ ‘ಇವರಿಗೆ ಬುದ್ಧಿ ಇಲ್ಲ’ ಎನ್ನುವುದು ಸುಲಭ, ಆದರೆ ತಪ್ಪು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಅವರಿಗೂ ವರ್ಷದ ದುಡ್ಡು ಕಟಾವಿನ ನಂತರ ಒಂದೇ ಸಲ ಬರುತ್ತದೆ. ಒಬ್ಬನೇ ರೈತನಿಗೆ ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಕೈಸೇರಿದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಕೈ ಬರಿದಾಗಿದ್ದಾಗ ಅವನು ಹೆಚ್ಚು ತಪ್ಪಿದ, ಕೈ ತುಂಬಿದ್ದಾಗ ಚೆನ್ನಾಗಿ ಮಾಡಿದ. ಮನುಷ್ಯ ಅವನೇ, ತಲೆಯೂ ಅದೇ. ಬರಿಗೈಯ ಚಿಂತೆ ಯೋಚನೆಯ ಜಾಗವನ್ನೇ ನುಂಗಿತ್ತು. ಹಾಗಿದ್ದರೆ ಉಳಿತಾಯದ ತೀರ್ಮಾನ ಮಾಡಲು ಸರಿಯಾದ ಹೊತ್ತು ದುಡ್ಡು ಬಂದ ದಿನವೇ. ತೀರುವ ಹೊತ್ತಿಗೆ ತೀರ್ಮಾನ ಮಾಡುವ ಶಕ್ತಿಯೂ ಸೋರಿಹೋಗಿರುತ್ತದೆ.

ಚನ್ನಗಿರಿಯ ಹಳೆಯ ಬೆಳೆಗಾರರಿಗೆ ಈ ಗುಟ್ಟು ಗೊತ್ತಿತ್ತು. ಒಣಗಿದ ಅಡಿಕೆ ಬೇಗ ಕೆಡುವುದಿಲ್ಲ. ಆದ್ದರಿಂದ ಅವರು ಎಲ್ಲವನ್ನೂ ಒಂದೇ ಸಲ ಮಾರುತ್ತಿರಲಿಲ್ಲ. ಚೀಲಗಳು ಅಟ್ಟದ ಮೇಲೋ ಸಂಘದ ಗೋದಾಮಿನಲ್ಲೋ ಇರುತ್ತಿದ್ದವು. ಮಗಳ ಬಾಣಂತನಕ್ಕೆ ಎರಡು ಚೀಲ, ಗೊಬ್ಬರಕ್ಕೆ ಮೂರು ಚೀಲ. ಚಿನ್ನಕ್ಕಿಂತಲೂ, ಬ್ಯಾಂಕಿಗಿಂತಲೂ ಒಳ್ಳೆಯ ಗುಣ ಅಡಿಕೆ ಚೀಲಕ್ಕಿದೆ. ಅದನ್ನು ಹೋಟೆಲಿನಲ್ಲಿ ಖರ್ಚು ಮಾಡಲು ಆಗುವುದಿಲ್ಲ. ಮಾರಬೇಕೆಂದರೆ ಗಾಡಿ ಕಟ್ಟಬೇಕು, ತೂಗಿಸಬೇಕು, ಟೆಂಡರಿನ ದರ ನೋಡಬೇಕು. ಅಷ್ಟು ಹೊತ್ತಿಗೆ ಅರ್ಧ ಆಸೆಗಳು ತಣ್ಣಗಾಗಿರುತ್ತವೆ. ಧಾರಣೆ ಬೀಳುವ ಭಯ ಇದ್ದೇ ಇದೆ. ಬೆಲೆ ಏರಲೆಂದು ಕಾದು ಕಾದು ಕೈಸುಟ್ಟುಕೊಂಡವರೂ ಇದ್ದಾರೆ. ಆದರೆ ನಾನು ಇಲ್ಲಿ ಹೇಳುತ್ತಿರುವುದು ಲಾಭದ ಮಾತಲ್ಲ, ದುಡ್ಡು ಕೈಗೂ ಆಸೆಗೂ ಎಷ್ಟು ದೂರದಲ್ಲಿದೆ ಎನ್ನುವ ಮಾತು.

ಜಗಳೂರಿನಲ್ಲಿ ಈ ದೂರಕ್ಕೆ ಹಗೇವು ಎಂಬ ಹೆಸರಿತ್ತು. ಮಧ್ಯ ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿ, ಜೋಳವನ್ನು ನೆಲದೊಳಗಿನ ಗುಂಡಿಗೆ ಸುರಿದು, ಹುಲ್ಲು ಮಣ್ಣು ಹಾಕಿ ಬಾಯಿ ಮುಚ್ಚುತ್ತಿದ್ದರು. ಬರ ಬಂದ ವರ್ಷ ಅದೇ ಅನ್ನ. ಹಗೇವು ತೆಗೆಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ನಾಲ್ಕು ಜನ ಬೇಕು, ಒಂದು ದಿನ ಬೇಕು, ಓಣಿಗೆಲ್ಲ ಗೊತ್ತಾಗುತ್ತದೆ. ಮನೆ ಯಜಮಾನನಿಗೆ ಒಂದು ಸಂಜೆ ಮನಸ್ಸಾಯಿತೆಂದು ಹಗೇವು ತೆಗೆಯಲು ಬರುತ್ತಿರಲಿಲ್ಲ. ಆ ಕಾಳು ಉಳಿದದ್ದರಲ್ಲಿ ಯಜಮಾನನ ಸಂಯಮದ ಪಾಲು ಸಣ್ಣದು, ಬಾಯಿ ಮುಚ್ಚಿದ ಮಣ್ಣಿನ ಪಾಲು ದೊಡ್ಡದು.

ಇಂದಿನ ಜಗಳೂರಿನ ಬಹುಪಾಲು ಕುಟುಂಬಗಳಿಗೆ ಗಂಟು ಎಂಬುದೇ ಇಲ್ಲ. ಮಳೆಯಾಧಾರಿತ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯೂ ಭದ್ರಾ ಮೇಲ್ದಂಡೆಯೂ ಆಸೆ ಹುಟ್ಟಿಸಿವೆ. ಆ ನೀರು ಹೊಲ ಮುಟ್ಟುವವರೆಗೆ ದಿನಗೂಲಿ, ಬೆಂಗಳೂರಿನ ಕಟ್ಟಡದ ಕೆಲಸ, ಮಲೆನಾಡಿನ ಕಾಫಿ ತೋಟ. 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇಂಥ ಮನೆಯವರಿಗೆ ‘ದುಂದು ಬಿಡಿ’ ಎಂದು ಉಪದೇಶ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಬಾರ್ಡ್‌ನ 2021–22ರ ಸಮೀಕ್ಷೆಯಲ್ಲಿ ದೇಶದ ಹಳ್ಳಿ ಮತ್ತು ಸಣ್ಣ ಊರುಗಳ ಕುಟುಂಬದ ಸರಾಸರಿ ತಿಂಗಳ ಆದಾಯ 12,698 ರೂಪಾಯಿ, ಖರ್ಚು 11,262. ಉಳಿಯುವ ಅಂತರ 1,436. ಸರಾಸರಿಯೇ ಇಷ್ಟಾದರೆ ಅದರ ಕೆಳಗಿರುವವರ ಪಾಡು ಹೇಳಬೇಕಿಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ ಶೇ 66ರಷ್ಟು ಕುಟುಂಬಗಳು ಏನಾದರೂ ಉಳಿಸಿದ್ದೇವೆ ಎಂದಿವೆ. ಶೇ 52ರಷ್ಟು ಕುಟುಂಬಗಳ ಮೇಲೆ ಸಾಲವೂ ಇತ್ತು. ಎರಡನ್ನೂ ಕೂಡಿಸಿದರೆ ನೂರು ದಾಟುತ್ತದೆ. ಉಳಿಸುತ್ತಲೇ ಸಾಲ ಮಾಡುವವರು, ಸಾಲ ತೀರಿಸುತ್ತಲೇ ಉಳಿಸುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಜಗಳೂರು ಕಡೆಯ ಸ್ವಸಹಾಯ ಸಂಘದ ಒಬ್ಬ ತಾಯಿ ನನಗೆ ಹೇಳಿದ ಮಾತು ಇದು: “ಸಂಘಕ್ಕೆ ಸಾಲ ಕಟ್ಟೋದು ಅಂದ್ರೆ ಕಟ್ಟೇ ಕಟ್ತೀನಿ ಸರ್, ಹತ್ತು ಜನದ ಮುಂದೆ ತಲೆ ತಗ್ಗಿಸಬಾರ್ದು ಅಂತ. ನನ್ನ ರೊಕ್ಕ ನಾನೇ ಮನ್ಯಾಗ ಇಡೋದು ಅಂದ್ರೆ, ಯಾರ್ ಮುಂದೆ ತಲೆ ತಗ್ಗಿಸಬೇಕು ಹೇಳ್ರಿ?” ಸಂಘಗಳು ನಿಂತದ್ದು ಈ ಹತ್ತು ಜನದ ಕಣ್ಣಿನ ಮೇಲೆ. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಕಟ್ಟಿ ತೋರಿಸಿತು. 1992ರಲ್ಲಿ ನಬಾರ್ಡ್ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು, 2000–01ರ ನಂತರ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳು ಹಳ್ಳಿಹಳ್ಳಿಗೂ ಹೋದವು. ವಾರಕ್ಕೊಮ್ಮೆ ಕೂತು ಹತ್ತು, ಇಪ್ಪತ್ತು ರೂಪಾಯಿ ಇಟ್ಟು ಪುಸ್ತಕದಲ್ಲಿ ಬರೆಸುವುದು ನಮ್ಮ ತಾಯಂದಿರು ಕಲಿತ ದೊಡ್ಡ ವಿದ್ಯೆ.

ಆದರೆ ಇದೇ ವಾರದ ಕಂತಿನ ಶಿಸ್ತನ್ನು ಹಿಡಿದುಕೊಂಡು ಮೈಕ್ರೊ ಫೈನಾನ್ಸ್ ಸಾಲ ಒಳಗೆ ಬಂತು. ಉಳಿತಾಯದ ಪುಸ್ತಕ ಸರಿದು ಸಾಲದ ಕಾರ್ಡು ಮುಂದೆ ಬಂತು. ಒಂದೇ ಮನೆಗೆ ಮೂರು, ನಾಲ್ಕು ಕಡೆಯ ಕಂತು. ವಸೂಲಿಯ ಕಿರುಕುಳ ಎಷ್ಟಾಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಶಿಕ್ಷೆ ಇಡಬೇಕಾಯಿತು. ಖರ್ಚು ಮಾಡುವ ಕೈಗೆ ಸುಲಭದ ಸಾಲ ಸಿಕ್ಕಿದರೆ ಉಳಿತಾಯ ಕಲಿಯುವ ದಿನ ಮುಂದೆ ಮುಂದೆ ಹೋಗುತ್ತದೆ. ಈಗ ಮೊಬೈಲಿನಲ್ಲೇ ಐದು ನಿಮಿಷಕ್ಕೆ ಸಾಲ ಸಿಗುವ ಕಾಲ. ನಮ್ಮ ಹುಡುಗರಿಗೆ ಕೈಗಡ ಕೇಳುವಾಗಿನ ನಾಚಿಕೆಯೂ ಉಳಿದಿಲ್ಲ. ಆ ನಾಚಿಕೆಯೇ ನನ್ನನ್ನು ಎಷ್ಟೋ ಸಲ ತಡೆದಿತ್ತು.

ಹೊನ್ನಾಳಿಯ ಭತ್ತದ ಗದ್ದೆಗಳ ಲೆಕ್ಕ ಮತ್ತೊಂದು. ಭದ್ರಾ ನಾಲೆಯಲ್ಲಿ ನೀರು ಬಂದರೆ ವರ್ಷಕ್ಕೆ ಎರಡು ಬೆಳೆ. ಭತ್ತ ಮಾರಿದ ದಿನ ಗೊಬ್ಬರದ ಅಂಗಡಿಯ ಉದ್ರಿ, ಯಂತ್ರದ ಬಾಡಿಗೆ, ಸೊಸೈಟಿ ಸಾಲ ಎಲ್ಲ ಮುರಿದುಕೊಂಡು ಉಳಿದದ್ದು ಮನೆಗೆ ಬರುತ್ತದೆ. ಬಿಚ್ಚುಗೈಗೆ ಅವಕಾಶವೇ ಕಡಿಮೆ ಎನ್ನಬಹುದು. ಆದರೂ ಅಲ್ಲಿನ ಮದುವೆಗಳನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಮುಂದಿನ ಬೆಳೆಯ ದುಡ್ಡನ್ನು ಈ ಬೆಳೆಯ ಹೊತ್ತಿಗೇ ಖರ್ಚು ಮಾಡುವುದಕ್ಕೆ ಅಂಗಡಿಯ ಉದ್ರಿಪುಸ್ತಕ ದಾರಿ ಮಾಡಿಕೊಡುತ್ತದೆ.

ನ್ಯಾಮತಿಯ ಹೆಸರು ಈಚೆಗೆ ರಾಜ್ಯಕ್ಕೆಲ್ಲ ಗೊತ್ತಾದದ್ದು ಒಂದು ಕಳ್ಳತನದಿಂದ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿ ಮುರಿದು 17 ಕಿಲೋಗೂ ಹೆಚ್ಚು ಚಿನ್ನದ ಒಡವೆ ಹೊತ್ತುಕೊಂಡು ಹೋದರು. ಪೊಲೀಸರು 2025ರ ಮಾರ್ಚಿನಲ್ಲಿ ಕಳ್ಳರನ್ನು ಹಿಡಿದರು. ಬಹುಪಾಲು ಚಿನ್ನ ತಮಿಳುನಾಡಿನ ಮಧುರೆ ಜಿಲ್ಲೆಯ ಒಂದು ಬಾವಿಯಲ್ಲಿ ಸಿಕ್ಕಿತು. ಎಲ್ಲರೂ ಕಳ್ಳರ ಚಾಲಾಕಿತನದ ಬಗ್ಗೆ ಮಾತಾಡಿದರು. ನನ್ನನ್ನು ಕಾಡಿದ್ದು ಆ 17 ಕಿಲೋ. ಅದು ಶ್ರೀಮಂತರ ತಿಜೋರಿಯ ಚಿನ್ನವಲ್ಲ, ಸಾಲಕ್ಕೆ ಅಡವಿಟ್ಟ ಒಡವೆ. ಸರ, ಬಳೆ, ಓಲೆ, ತಾಳಿ. ಅಷ್ಟು ಚಿಕ್ಕ ಊರಿನ ಒಂದೇ ಶಾಖೆಯಲ್ಲಿ ಅಷ್ಟೊಂದು ಒಡವೆ ಅಡ ಇತ್ತು ಎಂದರೆ, ಈ ಸೀಮೆಯ ನಿಜವಾದ ಉಳಿತಾಯ ಖಾತೆ ಹೆಂಗಸರ ಕೊರಳಲ್ಲಿದೆ ಎಂದು ಅರ್ಥ. ಅದನ್ನು ತೆಗೆದು ಗಂಡಸರ ಬಿತ್ತನೆ, ಬೋರ್‌ವೆಲ್, ಮಗನ ಬೈಕು ನಡೆಯುತ್ತವೆ. ಚಿನ್ನದ ಬೆಲೆ ಏರಿದೆ, 2025ರಲ್ಲಿ 10 ಗ್ರಾಮಿಗೆ ಲಕ್ಷ ದಾಟಿತು, ಇಟ್ಟವರು ಗೆದ್ದರು ಎನ್ನುತ್ತಾರೆ. ಇಟ್ಟವರು ಗೆದ್ದರು, ನಿಜ. ಅಡ ಇಟ್ಟು ಬಿಡಿಸಿಕೊಳ್ಳಲಾಗದೆ ಹರಾಜಿಗೆ ಬಿಟ್ಟವರು ಸೋತರು.

ನಮ್ಮ ಭಾಷೆ ಮಾತಾಡುವ ನಾಡೇ ಬಿಚ್ಚುಗೈಯವರಿಗಾಗಿ ಒಂದು ಅಪೂರ್ವ ಉಪಾಯ ಕಂಡುಹಿಡಿದಿತ್ತು ಎಂಬುದನ್ನು ನಾವು ಮರೆತಿದ್ದೇವೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ, ಅದನ್ನು ಮನೆಬಾಗಿಲಿಗೆ ಬಂದು ಏಜೆಂಟನೇ ವಸೂಲಿ ಮಾಡುತ್ತಿದ್ದ. ಆ ಕಾಲದ ಬ್ಯಾಂಕುಗಳು ಉಳ್ಳವರು ಬರಲಿ ಎಂದು ಕಾಯುತ್ತಿದ್ದಾಗ, ಇವರು ಉಳಿಸಲಾರದವನ ಬಾಗಿಲಿಗೆ ಹೋದರು. ಚಹಾ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಬೆಳಗಿನ ವ್ಯಾಪಾರದ ದುಡ್ಡು ಬಿದ್ದ ಹೊತ್ತಿಗೆ ಪಿಗ್ಮಿಯವರು ಬಂದು ನಿಲ್ಲುತ್ತಾರೆ. ಅವರಿಗೆ ‘ನಾಳೆ ಬನ್ನಿ’ ಎಂದು ಎರಡು ದಿನ ಹೇಳಬಹುದು, ಮೂರನೇ ದಿನ ಮನಸ್ಸು ಬರುವುದಿಲ್ಲ. ಬಡ್ಡಿ ಕಡಿಮೆ ಎಂದು ಪಿಗ್ಮಿಯನ್ನು ಹಗುರವಾಗಿ ನೋಡುವವರಿಗೆ ನಾನು ಹೇಳುವುದಿಷ್ಟು: ಬಿಚ್ಚುಗೈಯವನಿಗೆ ಬಡ್ಡಿ ಎರಡನೇ ಮಾತು, ಅಸಲು ಉಳಿಯುವುದು ಮೊದಲ ಮಾತು.

ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಪಿಗ್ಮಿ ಕಟ್ಟಿಸಿಕೊಳ್ಳುವವರು ಹೆಚ್ಚಾಗಿ ಪತ್ತಿನ ಸಹಕಾರ ಸಂಘಗಳು, ಸೌಹಾರ್ದಗಳು. ಅವುಗಳಲ್ಲಿ ಚೆನ್ನಾಗಿ ನಡೆಯುವವು ಬಹಳ ಇವೆ. ಆದರೆ ಒಂದು ಮಾತನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಬ್ಯಾಂಕ್, ಸಹಕಾರಿ ಬ್ಯಾಂಕುಗಳ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದಗಳ ಠೇವಣಿಗೆ ಆ ವಿಮೆ ಇಲ್ಲ. ಬಡ್ಡಿ ಒಂದೂವರೆ, ಎರಡು ಹೆಚ್ಚು ಕೊಡುತ್ತಾರೆಂದು ಜೀವಮಾನದ ಗಂಟನ್ನು ಒಂದೇ ಕಡೆ ಇಟ್ಟು ಕಳೆದುಕೊಂಡವರ ಕಣ್ಣೀರನ್ನು ನಾನು ಕಂಡಿದ್ದೇನೆ. ಉಳಿಸಲು ಕಲಿತು ಮೊದಲ ಸಲ ಕೂಡಿಟ್ಟದ್ದು ಹೀಗೆ ಹೋದರೆ ಆ ಮನುಷ್ಯ ಮತ್ತೆ ಉಳಿಸುವುದಿಲ್ಲ. ‘ಇಟ್ಟದ್ದು ಹೋಯ್ತು, ತಿಂದದ್ದಾದರೂ ನನ್ನದಾಗ್ತಿತ್ತು’ ಎನ್ನುತ್ತಾನೆ. ಅವನಿಗೆ ಉತ್ತರ ಹೇಳುವುದು ಕಷ್ಟ.

ಚೀಟಿಯ ಮಾತೂ ಹಾಗೆಯೇ. ಗೆಳೆಯರ ನಡುವೆ ನಡೆಯುವ ಚೀಟಿ ಬಿಚ್ಚುಗೈಯವರನ್ನು ಕಟ್ಟಿಹಾಕುವ ಒಳ್ಳೆಯ ಹಗ್ಗ, ಏಕೆಂದರೆ ತಪ್ಪಿದರೆ ಉಳಿದವರೆಲ್ಲ ಕೇಳುತ್ತಾರೆ. ಆದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗದ ಚೀಟಿಯಲ್ಲಿ ನಡೆಸುವವನು ಊರು ಬಿಟ್ಟರೆ ಹಿಡಿಯುವವರಿಲ್ಲ. ಮೊದಲ ತಿಂಗಳುಗಳಲ್ಲೇ ಚೀಟಿ ಕೂಗಿ ಎತ್ತುವುದು ಬಿಚ್ಚುಗೈಯವರ ಅಭ್ಯಾಸ. ಹಾಗೆ ಎತ್ತಿದರೆ ಅದು ಉಳಿತಾಯವಲ್ಲ, ದುಬಾರಿ ಸಾಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಮನಸ್ಸು ಚನ್ನಗಿರಿಯ ಸೂಳೆಕೆರೆಗೆ ಹೋಗುತ್ತದೆ. ಎರಡು ಗುಡ್ಡಗಳ ನಡುವಿನ ಒಂದು ಚಿಕ್ಕ ಏರಿ ಆ ಸಮುದ್ರದಂಥ ನೀರನ್ನು ಶತಮಾನಗಳಿಂದ ಹಿಡಿದುಕೊಂಡಿದೆ. ನೀರು ಹೊರಗೆ ಹೋಗುವುದು ತೂಬಿನಿಂದ. ನಮ್ಮ ಕೆರೆಗಳ ಹಳೆಯ ಕಟ್ಟಳೆಯಲ್ಲಿ ಗದ್ದೆಯ ಒಡೆಯ ತೂಬನ್ನು ಮುಟ್ಟುವ ಹಾಗಿರಲಿಲ್ಲ. ಆ ಕೆಲಸ ನೀರುಗಂಟಿಯದು. ಯಾವ ಗದ್ದೆಗೆ ಯಾವಾಗ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಗದ್ದೆ ಒಣಗುವಾಗ ಅದರ ಒಡೆಯನ ಕೈಗೆ ತೂಬು ಕೊಟ್ಟರೆ ಏನಾಗುತ್ತದೆ ಎಂದು ಊರಿಗೆ ಗೊತ್ತಿತ್ತು. ಒಡೆಯ ಕೆಟ್ಟವನೆಂದಲ್ಲ, ಅವನ ಕಣ್ಣೆದುರು ಪೈರು ಬಾಡುತ್ತಿರುತ್ತದೆ ಎಂದು. ನಮ್ಮ ಜೇಬಿನ ವಿಷಯದಲ್ಲಿ ಮಾತ್ರ ಒಡೆಯನೂ ನಾವೇ, ನೀರುಗಂಟಿಯೂ ನಾವೇ ಆಗಲು ಹೊರಡುತ್ತೇವೆ. ಅಡಿಕೆ ಚೀಲ, ಹಗೇವು, ಸಂಘದ ಹತ್ತು ಕಣ್ಣು, ಪಿಗ್ಮಿಯವರ ಬರುವಿಕೆ ಎಲ್ಲವೂ ನೀರುಗಂಟಿಗಳೇ. ಸ್ವಭಾವ ಬದಲಾಯಿಸಿಕೊಂಡು ಉಳಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ತೂಬಿನ ಕೀಲಿ ಬೇರೆ ಕಡೆ ಇಟ್ಟು ಉಳಿಸಿದವರನ್ನು ಪ್ರತಿ ಓಣಿಯಲ್ಲೂ ಕಂಡಿದ್ದೇನೆ.

ನಾನು ಮಾಡಿದ್ದೂ ಅದೇ. ಸಂಬಳ ಬಂದ ಮಾರನೇ ದಿನ ಎರಡು ಸಾವಿರ ತಾನಾಗಿಯೇ ಆರ್‌ಡಿಗೆ ಹೋಗುವಂತೆ ಬರೆದುಕೊಟ್ಟೆ. ಮೊದಲ ಮೂರು ತಿಂಗಳು ಕೈ ಕಡಿದಂತಾಯಿತು. ನಾಲ್ಕನೇ ತಿಂಗಳಿಗೆ ಸಂಬಳವೇ ಅಷ್ಟು ಎಂದು ಮನಸ್ಸು ಒಪ್ಪಿಕೊಂಡಿತು. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ ತಿಂಗಳಿಗೆ 2,000ದಂತೆ 60 ತಿಂಗಳು ಕಟ್ಟಿದರೆ 1,20,000 ಆಗುತ್ತದೆ, ಶೇ 6.7ರ ಬಡ್ಡಿಯಲ್ಲಿ ಕೈಗೆ ಬರುವುದು ಸುಮಾರು 1,42,700. ದೊಡ್ಡ ಐಶ್ವರ್ಯವೇನಲ್ಲ. ಆದರೆ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದಾಗ ಮೊದಲ ಸಲ ಯಾರ ಮುಂದೆಯೂ ಕೈಯೊಡ್ಡದೆ ನಿಂತ ದಿನದ ನೆಮ್ಮದಿಯನ್ನು ನಾನು ಇನ್ನೂ ಮರೆತಿಲ್ಲ. ಖರ್ಚು ಮಾಡುವ ಆಸೆ ಈಗಲೂ ಹಾಗೇ ಇದೆ. ಉಳಿದ ದುಡ್ಡನ್ನು ಖುಷಿಯಿಂದಲೇ ಖರ್ಚು ಮಾಡುತ್ತೇನೆ.

ಕೂಲಿಯವರಿಗೆ ಇದಕ್ಕಿಂತ ಸರಳ ದಾರಿಯೂ ಇದೆ. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಎಂಬ ವಿದ್ವಾಂಸರು ಭಾರತದ ಹಳ್ಳಿಯ ಕೂಲಿಗಾರರ ಉಳಿತಾಯದ ದುಡ್ಡನ್ನು ಲಕೋಟೆಯಲ್ಲಿ ಅಂಟಿಸಿ ಕೊಟ್ಟು ನೋಡಿದರು. ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಲಕೋಟೆಯ ಮೇಲೆ ಅವರ ಮಕ್ಕಳ ಚಿತ್ರ ಇದ್ದಾಗ ಹೆಚ್ಚು ಉಳಿಯಿತು. ಒಂದೇ ಲಕೋಟೆಯ ಬದಲು ಎರಡು ಮಾಡಿದಾಗಲೂ ಹೆಚ್ಚು ಉಳಿಯಿತು, ಏಕೆಂದರೆ ಎರಡನೆಯದನ್ನು ಹರಿಯಲು ಮತ್ತೊಮ್ಮೆ ಮನಸ್ಸು ಗಟ್ಟಿ ಮಾಡಬೇಕು. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಹಳೆ ಸೀರೆಯ ಮಡಿಕೆಯಲ್ಲಿ ಒಂದಿಷ್ಟು, ದೇವರ ಹುಂಡಿಯಲ್ಲಿ ಒಂದಿಷ್ಟು ಇಟ್ಟದ್ದು ಕಳ್ಳರಿಗೆ ಹೆದರಿ ಎಂದು ನಾವು ತಿಳಿದಿದ್ದೆವು. ಮನೆಯವರಿಗೆ ಹೆದರಿಯೂ ಇರಬಹುದು. ಈಗ ಗೃಹಲಕ್ಷ್ಮಿಯ ಎರಡು ಸಾವಿರ ಯಜಮಾನಿಯ ಖಾತೆಗೇ ಬರುತ್ತದೆ, 2023ರ ಆಗಸ್ಟಿನಿಂದ. ಅದನ್ನು ಕೂಡಿಸಿ ಹೊಲಿಗೆ ಯಂತ್ರ, ಫ್ರಿಜ್ ತಂದವರ ಸುದ್ದಿ ರಾಜ್ಯದ ಎಲ್ಲ ಕಡೆಯಿಂದ ಬಂದಿದೆ. ಅವರ ಹೆಸರಿನ ಖಾತೆ, ಅವರ ಕೈಯ ಪಾಸ್‌ಬುಕ್ ಎಂಬುದೇ ಒಂದು ಏರಿ.

ದೊಡ್ಡ ಗಂಟು ಬರುವ ಚನ್ನಗಿರಿಗೆ ಏನು ಮಾಡಬಹುದು ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಅದಕ್ಕೊಂದು ಸುಳಿವು ಕೀನ್ಯಾದಿಂದ ಸಿಗುತ್ತದೆ. ಅಲ್ಲಿನ ಪಶ್ಚಿಮ ಭಾಗದ ರೈತರಿಗೆ ಕೊಯ್ಲಾದ ಕೂಡಲೇ, ದುಡ್ಡು ಕೈಯಲ್ಲಿರುವಾಗಲೇ ಮುಂದಿನ ಹಂಗಾಮಿನ ಗೊಬ್ಬರವನ್ನು ಮಾರಿ, ಉಚಿತವಾಗಿ ಮನೆಗೆ ತಲುಪಿಸುವ ಏರ್ಪಾಡನ್ನು ಸಂಶೋಧಕರು ಮಾಡಿ ನೋಡಿದರು. ಗೊಬ್ಬರ ಬಳಸುವವರು ಹೆಚ್ಚಿದರು. ಹಂಗಾಮಿನಲ್ಲಿ ಅರ್ಧ ಬೆಲೆಗೆ ಕೊಟ್ಟರೆ ಎಷ್ಟು ಫಲವೋ ಹೆಚ್ಚುಕಡಿಮೆ ಅಷ್ಟೇ ಫಲ ಇದರಿಂದಲೂ ಬಂತೆಂದು 2011ರ ಅವರ ವರದಿ ಹೇಳಿತು. ನಮ್ಮಲ್ಲಿ ತುಮ್ಕೋಸ್‌ನಂಥ ಬೆಳೆಗಾರರದೇ ಸಹಕಾರ ಸಂಘ ಇದೆ. ಅಡಿಕೆ ತೂಗಿದ ದಿನ, ಚೆಕ್ಕು ಬರೆಯುವ ಮೊದಲು, ರೈತನನ್ನು ಒಂದು ಮಾತು ಕೇಳುವುದು ಇಂಥ ಸಂಘಗಳಿಗೆ ಕಷ್ಟವಲ್ಲ: ಇವತ್ತಿಗೆ ಎಷ್ಟು, ಬೇಸಿಗೆಯ ನೀರಿಗೆ ಎಷ್ಟು, ಮಳೆಗಾಲದ ಗೊಬ್ಬರಕ್ಕೆ ಎಷ್ಟು, ಮಕ್ಕಳ ಫೀಸಿಗೆ ಎಷ್ಟು? ಬರೆದುಕೊಟ್ಟಂತೆ ಆಯಾ ತಿಂಗಳು ಖಾತೆಗೆ ಹೋಗಲಿ.

ಟ್ಯಾಂಕರಿನ ಬೇಸಿಗೆಯನ್ನು ದಾಟಿ ಬಂದ, ನನಗೆ ಪರಿಚಯದ ಒಬ್ಬ ಬೆಳೆಗಾರರು ಇದನ್ನು ತಾವೇ ಮಾಡಿಕೊಂಡಿದ್ದಾರೆ. ಕಳೆದ ಕೊಯ್ಲಿನಲ್ಲಿ ಅರ್ಧ ಅಡಿಕೆ ಮಾತ್ರ ಮಾರಿದರು. ಉಳಿದ ಚೀಲಗಳ ಮೇಲೆ ಸುಣ್ಣದಲ್ಲಿ ತಿಂಗಳ ಹೆಸರು ಬರೆದು ಅಟ್ಟಕ್ಕೆ ಹಾಕಿಸಿದರು. ಅಟ್ಟದ ಬೀಗದ ಕೈಯನ್ನು ಸೊಸೆಗೆ ಕೊಟ್ಟು, “ನಾನು ಕೇಳಿದರೂ ತಿಂಗಳು ನೋಡಿ ಕೊಡವ್ವ” ಎಂದರು. ನಾನು ಹೋದಾಗ ಯುಗಾದಿ ಹತ್ತಿರ ಬಂದಿತ್ತು. ‘ಏಪ್ರಿಲ್’ ಎಂದು ಬರೆದಿದ್ದ ಮೂರು ಚೀಲ ಹಾಗೇ ಕೂತಿದ್ದವು.